ಒಂದೇ ಅಡಿಗೆಮನೆ, ನಾಲ್ಕು ಹುಡುಗಿಯರು

ಮಗಳನ್ನು ಓದಲು ಪರದೇಶಕ್ಕೆ ಕಳಿಸುವಾಗ ನಾವು ತಾಯಂದಿರು ಏನು ಬುದ್ಧಿ ಹೇಳುತ್ತೇವೆ ಹೇಳಿ? "ಯಾರ ಹತ್ತಿರವೂ ಜಗಳ ಆಡಬೇಡ, ಹೊಂದಿಕೊಂಡು ಹೋಗು." ನಾನೂ ಅದನ್ನೇ ಹೇಳಿದೆ. ಆ ಮಾತಿನಿಂದ ಮಗಳು ಪಟ್ಟ ಪಾಡನ್ನು ನಿಮ್ಮ ಮುಂದೆ ಹೇಳಿಕೊಳ್ಳೋಣ ಅಂತ ಬರೆಯುತ್ತಿದ್ದೇನೆ.

2024ರ ಅಕ್ಟೋಬರ್‌ನಲ್ಲಿ ಅವಳು ಜರ್ಮನಿಯ ಡ್ರೆಸ್ಡೆನ್‌ಗೆ ಹೋದಳು. ವೀಸಾ ಬೇಕಾದರೆ ಒಂದು ವರ್ಷದ ಖರ್ಚಿಗೆಂದು 11,904 ಯೂರೋ ಮೊದಲೇ ಕಟ್ಟಿ ತೋರಿಸಬೇಕಿತ್ತು. ಅದರಲ್ಲಿ ಕೈಗೆ ಸಿಗುವುದು ತಿಂಗಳಿಗೆ 992 ಯೂರೋ ಮಾತ್ರ. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲ ಅದರೊಳಗೇ ಆಗಬೇಕು. ಒಬ್ಬಳೇ ಮನೆ ಮಾಡುವುದು ಎಲ್ಲಿಯ ಮಾತು! ನಾಲ್ಕು ಕೋಣೆ, ಒಂದು ಅಡಿಗೆಮನೆ, ಒಂದು ಬಚ್ಚಲು. ಜರ್ಮನಿಯವಳು, ಇರಾನಿನವಳು, ಚೀನಾದವಳು, ಹುಣಸೂರಿನ ನಮ್ಮವಳು. ಇಂಥ ಮನೆಗೆ ಅಲ್ಲಿ 'ವೇಗೇ' ಅನ್ನುತ್ತಾರಂತೆ.

ಬೆಳಿಗ್ಗೆ ಎದ್ದರೆ ಸಿಂಕಿನ ತುಂಬಾ ಮುಸುರೆ ಪಾತ್ರೆ. ನಮ್ಮವಳು ಎಲ್ಲರದನ್ನೂ ತೊಳೆದಿಟ್ಟಳು. ಕಸವನ್ನೂ ಅವಳೇ ಹಾಕಿ ಬಂದಳು. ಒಂದು ರಾತ್ರಿ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ್ದೇ ತಡ, ಮನೆಯವರಿಗೆಲ್ಲ ಕೆಮ್ಮು. ಹೊಗೆಗೆ ಮೇಲೆ ಕಟ್ಟಿದ್ದ ಗಂಟೆಯೂ ಕಿರುಚಿಕೊಂಡಿತು. ಅಂದಿನಿಂದ ಒಲೆ ಹಚ್ಚಲೇ ಹೆದರಿ ಬ್ರೆಡ್ಡು ಮೊಸರಿನಲ್ಲೇ ದಿನ ಕಳೆದಳು. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ರಾತ್ರಿ ಹತ್ತಕ್ಕೆ ನಾನು ಫೋನ್ ಮಾಡಿದರೆ ಅವಳಿಗೆ ಸಂಜೆ ಐದೂವರೆ. "ಮಧ್ಯಾಹ್ನ ಊಟ ಆಯ್ತೇನೇ?" ಅಂದರೆ "ಆಯ್ತಮ್ಮ" ಅನ್ನುತ್ತಿದ್ದಳು. ಕೆನ್ನೆ ಒಳಗೆ ಹೋಗಿದ್ದು ನನಗೆ ಕಾಣುತ್ತಿತ್ತು.

ಜನವರಿಯಲ್ಲಿ ಒಂದು ದಿನ ಅತ್ತೇಬಿಟ್ಟಳು. "ಮೂರು ತಿಂಗಳಿಂದ ನಾಲ್ಕು ಜನರ ಪಾತ್ರೆ ತೊಳೀತಿದ್ದೀನಿ ಕಣಮ್ಮ. ಹೊಂದಿಕೊಂಡು ಹೋಗು ಅಂದಿದ್ದು ನೀನೇ ಅಲ್ವಾ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಿರಿಯಾಪಟ್ಟಣದ ಕಡೆಯ ನಮ್ಮ ಅತ್ತೆಮನೆ ನೆನಪಾಯಿತು. ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ನಿಗೆ ಬೆಂಕಿ ಹಾಕಿದರೆಂದರೆ ಹಗಲು ರಾತ್ರಿ ಆಳುಕಾಳು, ಎಡೆಬಿಡದ ಅಡಿಗೆ. ಓರಗಿತ್ತಿಯರು ಇಬ್ಬರಿದ್ದರೂ ಪಾತ್ರೆಯ ರಾಶಿ ನನ್ನ ಪಾಲಿಗೆ. ನಾನು ತುಟಿ ಬಿಚ್ಚಲಿಲ್ಲ. "ಬಾಯಿಲ್ಲದ ಸೊಸೆ, ಚಿನ್ನದಂಥವಳು" ಎಂದು ಹೊಗಳಿದರು. ಹೊಟ್ಟೆಯೊಳಗಿನ ಉರಿ ನನಗೊಬ್ಬಳಿಗೇ ಗೊತ್ತು. ಆ ಚಿನ್ನದ ಗುಣವನ್ನೇ ಚಟ್ನಿಪುಡಿಯ ಜೊತೆ ಕಟ್ಟಿ ಮಗಳಿಗೂ ಕಳಿಸಿದ್ದೆ!

ಮಾರನೆಯ ದಿನ ನಾನೇ ಹೇಳಿದೆ: "ಜಗಳ ಬೇಡ. ಆದರೆ ಬಾಯಿ ಬಿಟ್ಟು ಹೇಳು."

ಹೇಳಿದಳು. ಜರ್ಮನಿಯ ಹುಡುಗಿ ಬೆರಗಾಗಿ, "ನಿನಗೆ ಅದು ಇಷ್ಟ ಅಂದುಕೊಂಡಿದ್ದೆವು, ಮೊದಲೇ ಯಾಕೆ ಹೇಳಲಿಲ್ಲ?" ಎಂದಳಂತೆ. ಅಂದೇ ಸಂಜೆ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿದರು. ಒಂದು ವಾರ ಅಡಿಗೆಮನೆ, ಒಂದು ವಾರ ಬಚ್ಚಲು, ಒಂದು ವಾರ ನೆಲ, ಒಂದು ವಾರ ಕಸ, ಹೀಗೆ ಸರದಿ. ಅದರ ಹೆಸರು 'ಪುಟ್ಸ್‌ಪ್ಲಾನ್'. ಕಾಗದ ಬೇರೆ, ತರಕಾರಿ ಸಿಪ್ಪೆ ಬೇರೆ ಹಾಕಬೇಕು. ಗಾಜಿನ ಬಾಟಲಿಗಳನ್ನು ಭಾನುವಾರ ತೊಟ್ಟಿಗೆ ಹಾಕುವಂತಿಲ್ಲ, ಸದ್ದಾಗುತ್ತದೆ ಅಂತ. ರಾತ್ರಿ ಹತ್ತರ ಮೇಲೆ ಗಲಾಟೆ ಕೂಡದು. ನೀರಿನ ಪ್ಲಾಸ್ಟಿಕ್ ಬಾಟಲಿ ಅಂಗಡಿಗೆ ವಾಪಸು ಕೊಟ್ಟರೆ ಒಂದಕ್ಕೆ 25 ಸೆಂಟ್. ಆ ದುಡ್ಡು ಕಸದ ಸರದಿಯವಳಿಗೆ!

ಈಗ ಅಡಿಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆಗೆದು, ಸಣ್ಣ ಉರಿಯಲ್ಲಿ ಒಗ್ಗರಣೆ ಹಾಕುತ್ತಾಳೆ. ಕೆಲವು ಶನಿವಾರ ನಾಲ್ವರಿಗೂ ಬಸ್ಸಾರು. ಇರಾನಿನವಳು ತಳದ ಅನ್ನವನ್ನು ಹೊಂಬಣ್ಣಕ್ಕೆ ಗರಿಗರಿ ಮಾಡಿ ಬಡಿಸುತ್ತಾಳೆ. ನಮ್ಮಲ್ಲಿ ಅನ್ನ ತಳ ಹಿಡಿದರೆ ಬೈಸಿಕೊಳ್ಳಬೇಕು, ಅವರಿಗೆ ಅದೇ ವಿಶೇಷವಂತೆ! ಈಗಲೂ ಒಮ್ಮೊಮ್ಮೆ ಮಾತಿಗೆ ಮಾತು ಬೆಳೆಯುತ್ತದೆ. ಆದರೆ ಅವಳ ಕೆನ್ನೆ ತುಂಬಿಕೊಂಡಿದೆ.

ಜರ್ಮನಿಯೇ ಆಗಬೇಕೆಂದಿಲ್ಲ. ಎಚ್.ಡಿ. ಕೋಟೆಯಿಂದಲೋ ಕೆ.ಆರ್. ನಗರದಿಂದಲೋ ಮೈಸೂರಿಗೆ ಹೋಗಿ ರೂಮು ಮಾಡುವ ಹುಡುಗಿಗೂ ಇದೇ ಮಾತು. ಅನ್ನ ಸಾರು ಮಾಡುವುದನ್ನು ಕಲಿಸಿ ಕಳಿಸಿ. ಜೊತೆಗೆ "ಇವತ್ತು ನಿನ್ನ ಸರದಿ" ಎಂದು ನಗುನಗುತ್ತಾ ಹೇಳುವುದನ್ನೂ ಕಲಿಸಿ.

ನಾನೂ ಕಲಿತೆ ಅನ್ನಿ. ಹೋದ ಗೌರಿ ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ದೊಡ್ಡ ಓರಗಿತ್ತಿಗೆ, "ಅಕ್ಕಾ, ಈ ಹೊತ್ತಿನ ಪಾತ್ರೆ ನಿಮ್ಮದು" ಅಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಸೆರಗು ಸಿಕ್ಕಿಸಿಕೊಂಡು ತೊಳೆಯಲು ಕೂತರು. ಆಕಾಶವೇನೂ ಕಳಚಿ ಬೀಳಲಿಲ್ಲ.