ಅಳೆಯದೆ ಮಾರುವುದು

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ 5 ಅತಿಚಾರಗಳನ್ನು ಎಣಿಸಿದ್ದಾರೆ. ಅವುಗಳಲ್ಲೊಂದು ಹೀನಾಧಿಕಮಾನೋನ್ಮಾನ, ಅಂದರೆ ತೂಕ-ಅಳತೆಗಳಲ್ಲಿ ಮೋಸ ಮಾಡುವುದು. ತಕ್ಕಡಿ ಸರಿಯಾಗಿರುವ ವ್ಯಾಪಾರಿ ತನಗೆ ಈ ದೋಷವಿಲ್ಲವೆಂದು ನೆಮ್ಮದಿಯಿಂದಿರುತ್ತಾನೆ. ಆದರೆ ಅಳೆಯಬೇಕಾದಲ್ಲಿ ಅಳೆಯದಿರುವುದೂ ಈ ದೋಷದ ಸಮೀಪವರ್ತಿಯೇ ಎಂಬುದು ನನ್ನ ಭಾವನೆ.

ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರಕ್ಕೆ ದುಡಿಯಲು ಬರುವವರ ಮೋಟಾರ್ ಸೈಕಲ್ ಒಂದು ಮುಂಜಾನೆ ಸೆಲ್ಫ್ ಸ್ಟಾರ್ಟ್ ಆಗದಿದ್ದರೆ, "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿರಿ" ಎಂದುಬಿಡುವುದು ಸುಲಭ. ನಿಜಸ್ಥಿತಿಯನ್ನು ಮಲ್ಟಿಮೀಟರ್ ಕೆಲವೇ ನಿಮಿಷಗಳಲ್ಲಿ ಹೇಳಬಲ್ಲದು. ಪೂರ್ಣ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಎಂಜಿನ್ ನಿಂತಿರುವಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ವೇಗವಾಗಿ ತಿರುಗುವಾಗ ಅದು ಸಾಮಾನ್ಯವಾಗಿ 13.5ರಿಂದ 14.5ಕ್ಕೆ ಏರಬೇಕು. ಏರದಿದ್ದರೆ ಫ್ಯೂಸ್, ಸಡಿಲವಾದ ಇಲ್ಲವೆ ಕಿಲುಬು ಹಿಡಿದ ಸಂಪರ್ಕಗಳು, ವಿದ್ಯುತ್ ಉತ್ಪಾದಿಸುವ ಸ್ಟೇಟರ್, ಅದನ್ನು ಏಕಮುಖಗೊಳಿಸಿ ಹತೋಟಿಯಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್ ಇವನ್ನು ಕ್ರಮವಾಗಿ ಪರೀಕ್ಷಿಸಬೇಕು. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಟ್ಟಿರುವ ಸಂಭವವೇ ಹೆಚ್ಚು. ಎಲ್ಲವೂ ಸರಿಯಿದ್ದು ಬ್ಯಾಟರಿಯೇ ಚಾರ್ಜ್ ಹಿಡಿದಿಡದಿದ್ದರೆ ಆಗ ಹೊಸದನ್ನು ನಿಶ್ಶಂಕೆಯಿಂದ ಮಾರಬಹುದು.

ಪರೀಕ್ಷಿಸದೆ ಮಾರಿದರೆ, ಮೂಲದೋಷ ಉಳಿದು ಹೊಸ ಬ್ಯಾಟರಿಯೂ ಬರಿದಾಗುತ್ತದೆ. ಕೂಲಿಕಾರನ ಹಲವು ದಿನಗಳ ದುಡಿಮೆ ವ್ಯರ್ಥವಾಗುತ್ತದೆ. ಇನ್ನೂ ಬಾಳಬಹುದಾಗಿದ್ದ ಬ್ಯಾಟರಿ ಗುಜರಿ ಸೇರುತ್ತದೆ. ಅದನ್ನು ಅಜಾಗರೂಕತೆಯಿಂದ ಒಡೆದರೆ ಸೀಸವೂ ಆಮ್ಲವೂ ಮಣ್ಣಿನ ಅಸಂಖ್ಯ ಜೀವಿಗಳಿಗೆ ಘಾತಕ. ಹೀಗೆ ಅಚೌರ್ಯದ ಲೋಪವು ಅಹಿಂಸೆಯ ಲೋಪದಲ್ಲಿ ಮುಗಿಯುತ್ತದೆ.

ಶ್ರಾವಕನ ಧನ ನ್ಯಾಯೋಪಾರ್ಜಿತವಾಗಿರಬೇಕು. ಅಳೆಯದೆ ಗಳಿಸಿದ ಲಾಭ ಬಸದಿಯ ಕಾಣಿಕೆ ಪೆಟ್ಟಿಗೆಯನ್ನು ಸೇರಿದ ಮಾತ್ರಕ್ಕೆ ಶುದ್ಧವಾಗದು.