ಮಳೆಗಾಲಕ್ಕೊಂದು ಸಣ್ಣ ಒಲೆ

ನಮ್ಮ ಮನೆ ಇರುವುದು ಉಪ್ಪಳದಿಂದ ಸ್ವಲ್ಪ ಒಳಗೆ, ಹೊಳೆಯ ಬದಿಯಲ್ಲಿ. ಆಟಿ ತಿಂಗಳಲ್ಲಿ ನಮ್ಮಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಆದರೆ ಎರಡು ವರ್ಷದ ಹಿಂದೆ ತೆಂಗಿನ ಮರ ಲೈನಿನ ಮೇಲೆ ಬಿದ್ದು ಹೋದ ಕರೆಂಟು ಮೂರು ದಿನ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಗ್ಯಾಸೂ ಮುಗಿಯಿತು. ಸಿಲಿಂಡರ್ ಬುಕ್ ಮಾಡಿ ಆಗಿತ್ತು, ಆದರೆ ರಸ್ತೆಯಲ್ಲಿ ನೀರು ನಿಂತು ಗಾಡಿ ಬರುವ ಹಾಗಿರಲಿಲ್ಲ.

ಇಂಡಕ್ಷನ್ ಒಲೆ ಇತ್ತು. ಅದಕ್ಕೆ 2000 ವಾಟ್ ಬೇಕು. ನಾಲ್ಕು ಲೈಟು, ಎರಡು ಫ್ಯಾನಿಗೆಂದು ಹಾಕಿಸಿದ ಇನ್ವರ್ಟರ್ ಅದನ್ನು ಎಳೆಯುವುದಿಲ್ಲ. ಅಷ್ಟರಲ್ಲಿ ಬ್ಯಾಟರಿಯೂ ಖಾಲಿಯಾಗಿತ್ತು. ಹಿಂದಿನ ಹಂಚಿನ ಮನೆಯಲ್ಲಿ ಬಚ್ಚಲೊಲೆ ಇತ್ತು, ಹೊಗೆಗೂಡು ಇತ್ತು. ಗಲ್ಫಿನ ಹಣದಲ್ಲಿ ಹೊಸ ಮನೆ ಕಟ್ಟುವಾಗ ‘ಹೊಗೆಗೆ ಪೈಂಟ್ ಹಾಳಾಗುತ್ತದೆ’ ಎಂದು ಎರಡನ್ನೂ ತೆಗೆಸಿದವನು ನಾನೇ.

ಉಮ್ಮನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಹಾಕಿದ ಮೇಲೆ ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ಟೆರೇಸಿನಲ್ಲಿ ಕೋಳಿ ಸುಡುವ ಬಾರ್ಬೆಕ್ಯೂ ಸ್ಟ್ಯಾಂಡ್ ಇತ್ತಲ್ಲ, ಅದನ್ನು ಅಡಿಗೆ ಕೋಣೆಗೆ ತಂದು ಇದ್ದಲು ಹಾಕಿ ಗಂಜಿ ಇಟ್ಟೆವು. ಗಾಳಿಮಳೆ ಒಳಗೆ ಬಡಿಯುತ್ತದೆಂದು ಕಿಟಕಿ ಬಾಗಿಲು ಎಲ್ಲ ಮುಚ್ಚಿದೆವು. ಹೊಗೆ ಇರಲಿಲ್ಲ, ಒಳ್ಳೆಯ ಕೆಂಪು ಕೆಂಡ. ಚಳಿಗೆ ಹಿತವಾಗುತ್ತದೆಂದು ಉಮ್ಮ ಅಲ್ಲೇ ಕುರ್ಚಿ ಹಾಕಿ ಕೂತರು.

ಗಂಜಿ ಕುಡಿದು ಸ್ವಲ್ಪ ಹೊತ್ತಿಗೆ ಉಮ್ಮ ತಲೆ ಸುತ್ತುತ್ತದೆ ಎಂದರು. ಶುಗರ್ ಇಳಿಯಿತೆಂದು ಹೆದರಿ ಸಕ್ಕರೆ ನೀರು ಕೊಟ್ಟೆವು. ಮಿಷಿನ್ ಹಾಕಿ ನೋಡಿದರೆ ಶುಗರ್ ಇಳಿದೇ ಇಲ್ಲ. ನನ್ನ ಹೆಂಡತಿ, ‘ನನಗೂ ತಲೆ ಸಿಡಿಯುತ್ತಿದೆ’ ಎಂದಾಗ ಗೊತ್ತಾಯಿತು. ಇಬ್ಬರಿಗೂ ಒಟ್ಟಿಗೆ ಶುಗರ್ ಇಳಿಯುವುದಿಲ್ಲವಲ್ಲ. ಬಾಗಿಲು ತೆರೆದು ಉಮ್ಮನನ್ನು ಸಿಟ್‌ಔಟಿಗೆ ಕರೆದುಕೊಂಡು ಬಂದೆವು. ಗಾಳಿಯಲ್ಲಿ ಕೂತ ಮೇಲೆ ಸರಿಯಾದರು. ಇದ್ದಲು ಉರಿಯುವಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣುವುದಿಲ್ಲ ಎಂದು ನಾವು ಧೈರ್ಯವಾಗಿ ಕೂತದ್ದೇ ತಪ್ಪು. ಮಲಗಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾವು ಇವತ್ತಿಗೂ ಮನೆಯಲ್ಲಿ ಮಾತಾಡುವುದಿಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲೇ ಒಲೆ ಹುಡುಕಲು ಹೊರಟೆ. ದುಬೈಯಲ್ಲಿರುವ ತಮ್ಮ ಮರುಭೂಮಿಗೆ ಟ್ರಿಪ್ ಹೋಗುವಾಗ ಒಯ್ಯುವಂಥ ಅಂಗೈಯಗಲದ ಹೊಸ ಒಲೆ ತಂದುಕೊಟ್ಟ. ಗ್ಯಾಸಿನ ಡಬ್ಬಿಯನ್ನು ವಿಮಾನದಲ್ಲಿ ತರುವ ಹಾಗಿಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಇಲ್ಲೇ ತೆಗೆದುಕೊಳ್ಳೋಣ ಎಂದು ಮಂಗಳೂರಿಗೆ ಹೋದೆ. ಅಂಗಡಿಯಲ್ಲಿದ್ದದ್ದು ಹೇರ್ ಸ್ಪ್ರೇ ಡಬ್ಬಿಯಂಥ ಉದ್ದನೆಯ ಬ್ಯುಟೇನ್ ಕ್ಯಾನ್. ನಮ್ಮ ಒಲೆಗೆ ಬೇಕಾದದ್ದು ತಿರುಗಿಸಿ ಕೂರಿಸುವ ಗಿಡ್ಡ ಡಬ್ಬಿ. ಒಂದಕ್ಕೊಂದು ಕೂರುವುದಿಲ್ಲ. ಹಾಗಾಗಿ ಒಲೆ ನೋಡುವ ಮೊದಲು ನಿಮ್ಮ ಊರಿನಲ್ಲಿ ಯಾವ ಇಂಧನ ಸಿಗುತ್ತದೆ ನೋಡಿ. ನಾನು ಉಲ್ಟಾ ಮಾಡಿದೆ.

ಉದ್ದನೆಯ ಕ್ಯಾನಿನ ಚಪ್ಪಟೆ ಒಲೆ ಕೆಟ್ಟದ್ದೇನಲ್ಲ. ಪಾತ್ರೆ ಅಲುಗಾಡುವುದಿಲ್ಲ. ಆದರೆ ಕ್ಯಾನಿನಲ್ಲಿರುವುದು 220 ಗ್ರಾಂ ಆಸುಪಾಸು. ಪೂರ್ತಿ ಉರಿಯಲ್ಲಿಟ್ಟರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬರಬಹುದು. ಕುಸುಬಲಕ್ಕಿ ಗಂಜಿ ಮಾಡುವವರಿಗೆ ಅದು ಎಲ್ಲಿ ಸಾಲುತ್ತದೆ? ಮತ್ತೆ ನಮ್ಮ ಮನೆಗಳ ದೊಡ್ಡ ಪಾತ್ರೆ ಇಟ್ಟರೆ ಅದು ಕ್ಯಾನಿನ ಮೇಲೂ ಚಾಚಿಕೊಳ್ಳುತ್ತದೆ. ಬಿಸಿ ಕೆಳಗೆ ಹೊಡೆದು ಕ್ಯಾನ್ ಸಿಡಿಯುವ ಅಪಾಯ ಇದೆ.

ಉಪ್ಪನ ಕಾಲದ ಬತ್ತಿಯ ಸೀಮೆಎಣ್ಣೆ ಸ್ಟವ್ ಅಟ್ಟದಲ್ಲಿದೆ. ಪಂಪಿನ ಸ್ಟವ್‌ನ ಹಾಗೆ ಮೊದಲು ಬಿಸಿ ಮಾಡುವ ರಗಳೆ ಅದಕ್ಕಿಲ್ಲ. ಆದರೆ ರೇಷನಿನ ನೀಲಿ ಸೀಮೆಎಣ್ಣೆ ಹಿಂದಿನ ಹಾಗೆ ಎಲ್ಲಿ ಸಿಗುತ್ತದೆ? ಬದಲಿಗೆ ಪೆಟ್ರೋಲ್ ಬೆರೆಸುವ ಬುದ್ಧಿವಂತರಿದ್ದಾರೆ, ದಯವಿಟ್ಟು ಅದನ್ನು ಮಾಡಬೇಡಿ.

ಕೊನೆಗೆ ತೆಗೆದುಕೊಂಡದ್ದು 5 ಕಿಲೋದ ಸಣ್ಣ ಸಿಲಿಂಡರ್. ವಿಳಾಸದ ದಾಖಲೆ ಬೇಡ, ಒಂದು ಗುರುತಿನ ಚೀಟಿ ಸಾಕು. ಸಬ್ಸಿಡಿ ಇಲ್ಲ, ಕಿಲೋ ಲೆಕ್ಕದಲ್ಲಿ ದುಬಾರಿ. ನಮ್ಮ ಮನೆಗೆ 14.2 ಕಿಲೋದ ಸಿಲಿಂಡರ್ ಒಂದು ತಿಂಗಳು ಬರುತ್ತದೆ, ಆ ಲೆಕ್ಕದಲ್ಲಿ ಇದು ಹತ್ತು ದಿನ. ಬರೀ ಗಂಜಿ, ಚಾಯ, ಕುಡಿಯುವ ನೀರು ಕುದಿಸುವುದು ಎಂದಾದರೆ ಇನ್ನೂ ಹೆಚ್ಚು. ಸಿಲಿಂಡರಿನ ತಲೆಗೇ ಕೂರಿಸುವ ಬರ್ನರ್ ಬೇಡ ಎಂದೆ, ಪಾತ್ರೆ ಎತ್ತರದಲ್ಲಿ ಓಲಾಡುತ್ತದೆ, ಮಕ್ಕಳಿರುವ ಮನೆ. ರೆಗ್ಯುಲೇಟರ್, ಐಎಸ್‌ಐ ಗುರುತಿನ ಟ್ಯೂಬು, ನೆಲದ ಮೇಲಿಡುವ ಒಂದು ಬರ್ನರಿನ ಒಲೆ ತೆಗೆದುಕೊಂಡೆ. ಜೋಡಿಸಿದ ಮೇಲೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದೆಯಾ ನೋಡಬೇಕು. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ಅಡಿಗೆ ಕೋಣೆಯ ಬಾಗಿಲು ತೆರೆದೇ ಉರಿಸುತ್ತೇವೆ, ಮಳೆ ಬಡಿದರೆ ಬಡಿಯಲಿ.

ಹೊಳೆ ಬದಿಯವರಿಗೆ ಇನ್ನೊಂದು ಮಾತು. ದೊಡ್ಡ ಸಿಲಿಂಡರ್ ತುಂಬಿದ್ದರೂ ನೆರೆ ನೀರಿನಲ್ಲಿ ತೇಲುತ್ತದೆ. ತೂಕ ಸುಮಾರು 30 ಕಿಲೋ, ಆದರೆ ಅದರ ಗಾತ್ರಕ್ಕೆ ಅದು ಹಗುರ. ನೀರು ಏರುವ ಲಕ್ಷಣ ಕಂಡರೆ ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ನೇರ ನಿಲ್ಲಿಸಿ ಕಟ್ಟಿಡಿ. ಸಣ್ಣದನ್ನು ನಾವು ಮಹಡಿ ಮೆಟ್ಟಿಲಿನ ಮೇಲಿನ ಗಾಳಿಯಾಡುವ ಜಾಗದಲ್ಲಿ ಇಟ್ಟಿದ್ದೇವೆ.

ತಿಂಗಳಿಗೊಮ್ಮೆ ಉಮ್ಮ ಅದರಲ್ಲಿ ಚಾಯ ಮಾಡುತ್ತಾರೆ, ಉರಿಯುತ್ತದಾ ನೋಡಲಿಕ್ಕೆ. ಆದರೂ ಅವರಿಗೆ ಅದರ ಮೇಲೆ ಪೂರ್ತಿ ನಂಬಿಕೆ ಬಂದಿಲ್ಲ. ಹಿತ್ತಿಲಿನ ಶೆಡ್ಡಿನಲ್ಲಿ ಮೂರು ಕಲ್ಲು ಇಡಿಸಿ, ಎರಡು ಗೋಣಿ ಒಣ ಗೆರಟೆ ತುಂಬಿಸಿಟ್ಟಿದ್ದಾರೆ. ಬಾರ್ಬೆಕ್ಯೂ ಸ್ಟ್ಯಾಂಡನ್ನು ಯಾರಿಗೆ ಕೊಟ್ಟರೆಂದು ನನಗೆ ಇನ್ನೂ ಹೇಳಿಲ್ಲ.