ಸಾಕಿದ ಬೆಕ್ಕಿನ ಆಹಾರ ಮತ್ತು ಶ್ರಾವಕನ ಹೊಣೆ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿ ಮೀರಿ ಹೊರೆ ಹೇರುವುದು, ಈ ನಾಲ್ಕೂ ಕಣ್ಣಿಗೆ ಕಾಣುವ ದೋಷಗಳು. ಐದನೆಯದು, ಆಶ್ರಯದಲ್ಲಿರುವ ಜೀವಿಗೆ ಸಲ್ಲಬೇಕಾದ ಆಹಾರ ನೀರುಗಳನ್ನು ತಡೆಯುವುದು. ಎತ್ತಿಗೆ ಹುಲ್ಲು ಹಾಕದವನಲ್ಲಿ ಈ ದೋಷವನ್ನು ಯಾರಾದರೂ ಗುರುತಿಸಬಲ್ಲರು. ಆದರೆ ತಟ್ಟೆ ದಿನವೂ ತುಂಬಿದ್ದು, ಅದರಲ್ಲಿರುವುದು ಆ ಜೀವಿಯ ಶರೀರಕ್ಕೆ ಒಗ್ಗದ ಅನ್ನವಾಗಿದ್ದರೆ ಅದನ್ನು ಏನೆಂದು ಕರೆಯಬೇಕು?

ಈ ಪ್ರಶ್ನೆ ಉತ್ತರ ಕರ್ನಾಟಕದ ಪೇಟೆಯೊಂದರಲ್ಲಿ ಧಾನ್ಯದ ವ್ಯಾಪಾರ ಮಾಡುವ ಶ್ರಾವಕ ಕುಟುಂಬವೊಂದರ ಮುಂದೆ ಬಂದು ನಿಂತಿತು. ಆ ಮನೆಯ ಗೋದಾಮಿನಲ್ಲಿ ಇಲಿಗಳ ಕಾಟವಿತ್ತು. ವಿಷವಿಡಬಾರದೆಂಬುದು ಹಿರಿಯರ ಕಾಲದಿಂದ ಬಂದ ನಿಯಮ. ಹತ್ತು ವರ್ಷಗಳ ಹಿಂದೆ ಹಮಾಲನೊಬ್ಬ ಬೆಕ್ಕಿನ ಮರಿಯೊಂದನ್ನು ತಂದಾಗ ಯಾರೂ ಬೇಡವೆನ್ನಲಿಲ್ಲ. ವಿಷವಿಟ್ಟರೆ ಪಾಪ ತಮ್ಮದು, ಬೆಕ್ಕು ಹಿಡಿದರೆ ಅದು ಅದರ ಸ್ವಭಾವ ಎಂಬ ಸಮಾಧಾನ ಎಲ್ಲರಿಗೂ ಇತ್ತು. ಕಾರ್ತಿಕೇಯಾನುಪ್ರೇಕ್ಷೆಯಾದರೋ ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದೆ. ಆ ಗ್ರಂಥ ಮನೆಯ ಕಪಾಟಿನಲ್ಲಿಯೇ ಇತ್ತು. ಮರಿಯನ್ನು ಒಳಗೆ ಬಿಟ್ಟುಕೊಂಡ ದಿನ ಅದನ್ನು ತೆರೆದವರಿಲ್ಲ.

ಮರಿ ಬೆಳೆದು ಗೋದಾಮಿನಿಂದ ಮನೆಗೆ ಬಂದಿತು. ಮಕ್ಕಳ ಮುದ್ದಿನದಾಯಿತು. ಹಾಲು ಅನ್ನ, ಹಾಲಿನಲ್ಲಿ ನೆನೆಸಿದ ಚಪಾತಿ, ಬಿಸ್ಕತ್ತು, ಹಬ್ಬದ ದಿನ ಪಾಯಸ, ಇವೇ ಅದರ ಆಹಾರ. ಬೆಕ್ಕೂ ಶ್ರಾವಕನಾಯಿತೆಂದು ಬಂದವರೆದುರು ಹೇಳಿಕೊಳ್ಳುವುದು ಮನೆಯವರಿಗೆ ಸಂತೋಷವಾಗಿತ್ತು. ನಾಲ್ಕೂವರೆ ಕಿಲೋ ಇರಬೇಕಾದ ಪ್ರಾಣಿ ಆರೂವರೆ ಕಿಲೋ ತೂಗತೊಡಗಿತು. ಬಳಿಕ ಒಮ್ಮೆಲೇ ಬಹಳ ನೀರು ಕುಡಿಯತೊಡಗಿತು, ಪದೇ ಪದೇ ಮೂತ್ರ ಮಾಡತೊಡಗಿತು, ಹಸಿವು ಹೆಚ್ಚಿದರೂ ಮೈ ಇಳಿಯುತ್ತ ಬಂದಿತು. ಹಿಂಗಾಲುಗಳ ಹಿಮ್ಮಡಿ ನೆಲಕ್ಕೆ ತಾಗುವಂತೆ ನಡೆಯಲಾರಂಭಿಸಿದಾಗ ಪಶುವೈದ್ಯರಲ್ಲಿಗೆ ಕೊಂಡೊಯ್ದರು.

ಮಧುಮೇಹವೆಂದು ವೈದ್ಯರು ನಿರ್ಣಯಿಸಿದರು. ಬೆಕ್ಕು ಗಾಬರಿಗೊಂಡರೂ ರಕ್ತದ ಸಕ್ಕರೆ ಏರುವುದರಿಂದ ಒಂದೇ ಪರೀಕ್ಷೆಯನ್ನು ನಂಬದೆ, ಹಿಂದಿನ ಒಂದೆರಡು ವಾರಗಳ ಸ್ಥಿತಿಯನ್ನು ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸಿದರು. ದಿನಕ್ಕೆರಡು ಸಲ ಒಂದೊಂದು ಯೂನಿಟ್ ಇನ್ಸುಲಿನ್ ಬರೆದುಕೊಟ್ಟರು. ಆಮೇಲೆ ಅವರು ಕೇಳಿದ್ದು ಆಹಾರದ ವಿಷಯ. ಉತ್ತರವನ್ನು ಕೇಳಿ, ಈ ಆಹಾರ ಮುಂದುವರಿದರೆ ಇನ್ಸುಲಿನ್ ಒಂದು ಕಡೆ ಎಳೆಯುತ್ತದೆ, ತಟ್ಟೆ ಇನ್ನೊಂದು ಕಡೆ ಎಳೆಯುತ್ತದೆ ಎಂದರು.

ಅವರು ವಿವರಿಸಿದ ಸಂಗತಿಗಳನ್ನು ಶ್ರಾವಕರೆಲ್ಲರೂ ಅರಿಯುವುದು ಒಳ್ಳೆಯದು. ಬೆಕ್ಕು ಮಾಂಸಾಹಾರವಿಲ್ಲದೆ ನಿಲ್ಲಲಾರದ ಶರೀರವುಳ್ಳ ಪ್ರಾಣಿ. ಪಿಷ್ಟವನ್ನು ಒಡೆಯುವ ಕಿಣ್ವ ಅದರ ಜೊಲ್ಲಿನಲ್ಲಿಲ್ಲ. ಊಟದ ಬಳಿಕ ಏರುವ ಸಕ್ಕರೆಯನ್ನು ಬೇಗನೆ ಹಿಡಿದಿಡುವ ಶಕ್ತಿ ಅದರ ಯಕೃತ್ತಿಗೆ ಕಡಿಮೆ. ತನಗೆ ಬೇಕಾದ ಸಕ್ಕರೆಯನ್ನು ಅದು ಪ್ರೋಟೀನಿನಿಂದಲೇ ತಯಾರಿಸಿಕೊಳ್ಳುತ್ತದೆ. ಸಿಹಿಯ ರುಚಿಯೇ ಅದಕ್ಕೆ ತಿಳಿಯದು. ಅದಕ್ಕೆ ಕಾರಣವಾದ ಜೀನ್ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲವೆಂದು ಅಮೆರಿಕದ ಮೊನೆಲ್ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಟಾರಿನ್ ಎಂಬ ಪದಾರ್ಥ ಆಹಾರದಿಂದ ದೊರೆಯದಿದ್ದರೆ ಬೆಕ್ಕಿನ ಕಣ್ಣು ಕುರುಡಾಗುತ್ತದೆ, ಹೃದಯ ದುರ್ಬಲವಾಗುತ್ತದೆ. ಮಧುಮೇಹವಿರುವ ಬೆಕ್ಕಿಗೆ ಆಹಾರದ ಒಟ್ಟು ಶಕ್ತಿಯಲ್ಲಿ ಪ್ರೋಟೀನಿನ ಪಾಲು ಶೇಕಡಾ 40ಕ್ಕಿಂತ ಹೆಚ್ಚಿರಬೇಕು, ಪಿಷ್ಟದ ಪಾಲು ಸುಮಾರು ಶೇಕಡಾ 12ರೊಳಗಿರಬೇಕು. ಹಾಲು ಅನ್ನದಲ್ಲಿ ಪಿಷ್ಟ ಮತ್ತು ಸಕ್ಕರೆಯ ಪಾಲೇ ಅರ್ಧವನ್ನು ಮೀರುತ್ತದೆ.

ಮನೆಯಲ್ಲಿ ಆ ರಾತ್ರಿ ದೀರ್ಘ ಚರ್ಚೆ ನಡೆಯಿತು. ಮನೆಯ ಹಿರಿಯರು ಪ್ರತಿದಿನ ಸ್ವಾಧ್ಯಾಯ ಮಾಡುವವರು. ಅವರ ಪತ್ನಿ ಭಗವಾನ್ ಮಹಾವೀರರ ಪೂರ್ವಭವದ ಸಿಂಹವನ್ನು ನೆನಪಿಸಿದರು. ಚಾರಣಮುನಿಗಳ ಉಪದೇಶದಿಂದ ಆ ಸಿಂಹ ಮಾಂಸವನ್ನು ತ್ಯಜಿಸಿತಲ್ಲವೇ, ಬೆಕ್ಕೇಕೆ ತ್ಯಜಿಸಬಾರದು ಎಂದು ಕೇಳಿದರು. ಪ್ರಶ್ನೆ ಕ್ಷುಲ್ಲಕವಲ್ಲ. ಹಿರಿಯರು ಕೊಟ್ಟ ಉತ್ತರ ಇಷ್ಟೆ: ಸಿಂಹಕ್ಕೆ ಸಮ್ಯಕ್ತ್ವ ಉದಯಿಸಿತು, ಅದು ತಾನಾಗಿ ವ್ರತವನ್ನು ಸ್ವೀಕರಿಸಿತು, ತಾನಾಗಿ ಪ್ರಾಣವನ್ನು ಬಿಟ್ಟಿತು. ಯಾರೂ ಅದರ ಆಹಾರಕ್ಕೆ ಬೀಗ ಹಾಕಿರಲಿಲ್ಲ. ವ್ರತವೆಂಬುದು ಸ್ವೀಕರಿಸಿದವನದು, ಇನ್ನೊಂದು ಜೀವಿಯ ಮೇಲೆ ಹೇರಿದರೆ ಅದು ವ್ರತವಲ್ಲ, ನಿರೋಧ.

ಮಗ ಬೇರೆ ಉಪಾಯಗಳನ್ನು ಹುಡುಕಿದನು. ಕೃತಕ ಟಾರಿನ್ ಬೆರೆಸಿದ ಸಸ್ಯಮೂಲದ ಬೆಕ್ಕಿನ ಆಹಾರ ಹೊರದೇಶಗಳಲ್ಲಿ ಸಿಗುತ್ತದೆಂದು ತಿಳಿದು ವೈದ್ಯರನ್ನು ಕೇಳಿದನು. ಅಂಥವುಗಳಲ್ಲಿ ಬಹುಪಾಲು ಕಾಳು ಮತ್ತು ಧಾನ್ಯಗಳಿಂದ ಮಾಡಿದ ಒಣ ಆಹಾರ. ಮಧುಮೇಹದ ಬೆಕ್ಕಿಗೆ ಅದರ ಪಿಷ್ಟವೇ ತೊಡಕು ಎಂದು ಅವರು ಹೇಳಿದರು. ಪನ್ನೀರಿನಲ್ಲಿ ಸಕ್ಕರೆ ಕಡಿಮೆಯಾದರೂ ಅದೊಂದೇ ಪೂರ್ಣಾಹಾರವಾಗದು. ಪೊಟ್ಟಣದ ಆಹಾರ ಕಸಾಯಿಖಾನೆಯ ಉಳಿಕೆಯಿಂದ ಮಾಡಿದ್ದು, ಅದಕ್ಕಾಗಿ ಬೇರೆ ಕೊಲೆಯಾಗುವುದಿಲ್ಲ ಎಂದು ನೆಂಟರೊಬ್ಬರು ವಾದಿಸಿದರು. ಹಿರಿಯರು ಅದನ್ನೂ ಒಪ್ಪಲಿಲ್ಲ. ತಾನಾಗಿ ಸತ್ತ ಪ್ರಾಣಿಯ ಮಾಂಸವೂ ನಿರ್ದೋಷವಲ್ಲವೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸ್ಪಷ್ಟಪಡಿಸಿದ್ದಾರೆ. ಉಳಿಕೆಗೂ ಬೆಲೆಯಿದೆ, ಬೆಲೆ ಕೊಟ್ಟವನು ವ್ಯಾಪಾರಕ್ಕೆ ಬಲ ಕೊಟ್ಟವನೇ.

ಕೊನೆಗೆ ಎಲ್ಲರಿಗೂ ಹಿತವಾಗಿ ಕಂಡ ದಾರಿಯೊಂದಿತ್ತು. ಹಮಾಲನಿಗೆ ತಿಂಗಳಿಗೆ ಇಷ್ಟೆಂದು ಹಣ ಕೊಟ್ಟರೆ ಅವನು ಬೆಕ್ಕನ್ನು ತನ್ನ ಮನೆಯಲ್ಲಿಟ್ಟುಕೊಂಡು ಮೀನು ಹಾಕುತ್ತಾನೆ, ಮನೆ ಶುದ್ಧವಾಗಿರುತ್ತದೆ. ಹಿರಿಯರು ಇದನ್ನು ಖಂಡಿತವಾಗಿ ನಿರಾಕರಿಸಿದರು. ಕೃತ, ಕಾರಿತ, ಅನುಮೋದನ, ಈ ಮೂರರಲ್ಲಿ ಯಾವುದರಿಂದಲೂ ಕರ್ಮಾಸ್ರವವಾಗುತ್ತದೆ. ತನ್ನ ಖರ್ಚನ್ನು ನೌಕರನ ಹೆಸರಿನಲ್ಲಿ ಬರೆದಿಟ್ಟ ಮಾತ್ರಕ್ಕೆ ಅಂಗಡಿಯ ಲೆಕ್ಕ ಸರಿಹೋಗುವುದಿಲ್ಲ. ತಾವು ಕಟ್ಟಿಕೊಂಡ ಹೊಣೆಯನ್ನು ಬಡವನ ಹೆಗಲಿಗೆ ಹೊರಿಸಿ, ಅವನಿಗಿಂತ ತಾವು ಶುದ್ಧರೆಂದು ಎಣಿಸುವುದು ಹಿಂಸೆಯ ಮೇಲೆ ಮಾನಕಷಾಯವನ್ನು ಸೇರಿಸಿದಂತೆ ಎಂದರು.

ಹೀಗೆ ನಿರ್ಣಯವಾಯಿತು. ಪೊಟ್ಟಣದ ತೇವ ಆಹಾರವನ್ನು ಹಿರಿಯರೇ ತಮ್ಮ ಹೆಸರಿನಲ್ಲಿ ತರಿಸತೊಡಗಿದರು. ಅಡುಗೆಮನೆಗೆ ಅದರ ಪ್ರವೇಶವಿಲ್ಲ. ಹಿತ್ತಲಿನ ಕಟ್ಟೆಯ ಮೇಲೆ ಬೇರೆ ತಟ್ಟೆ, ಬೇರೆ ಚಮಚ. ಪೊಟ್ಟಣದ ಮೇಲೆ ಪಿಷ್ಟದ ಪ್ರಮಾಣ ಸಾಮಾನ್ಯವಾಗಿ ನಮೂದಾಗಿರುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ಬೂದಿ, ತೇವಾಂಶ ಇವುಗಳ ಮೊತ್ತವನ್ನು 100ರಿಂದ ಕಳೆದರೆ ಉಳಿಯುವುದೇ ಪಿಷ್ಟ. ಪ್ರೋಟೀನ್ 11, ಕೊಬ್ಬು 5, ನಾರು 0.5, ಬೂದಿ 2, ತೇವಾಂಶ 80 ಎಂದಿದ್ದರೆ ಪಿಷ್ಟ 1.5. ಪ್ರೋಟೀನ್ ಮತ್ತು ಪಿಷ್ಟವನ್ನು ತಲಾ 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿದರೆ ಕ್ಯಾಲೊರಿ ತಿಳಿಯುತ್ತದೆ. ಈ ಉದಾಹರಣೆಯಲ್ಲಿ ಒಟ್ಟು ಸುಮಾರು 86 ಕ್ಯಾಲೊರಿಗಳಲ್ಲಿ ಪಿಷ್ಟದ ಪಾಲು ಶೇಕಡಾ 6, ಪ್ರೋಟೀನಿನದು ಶೇಕಡಾ 44ಕ್ಕೂ ಹೆಚ್ಚು. ಇಂಥದ್ದು ಸಲ್ಲುತ್ತದೆ.

ಆಹಾರವನ್ನು ವೈದ್ಯರಿಗೆ ತಿಳಿಸದೆ ಬದಲಿಸಬಾರದು. ಪಿಷ್ಟ ಇಳಿದೊಡನೆ ಇನ್ಸುಲಿನ್ ಅಗತ್ಯವೂ ಇಳಿಯುತ್ತದೆ. ಹಳೆಯ ಪ್ರಮಾಣವನ್ನೇ ಚುಚ್ಚಿದರೆ ಸಕ್ಕರೆ ಅಪಾಯಕರವಾಗಿ ಕುಸಿದು ಪ್ರಾಣಿ ತೂರಾಡಬಹುದು, ಸೆಳೆತ ಬರಬಹುದು. ಆಗ ಒಸಡಿಗೆ ಜೇನು ಸವರುವುದು ವಾಡಿಕೆ. ಜೇನು ವರ್ಜ್ಯವಾದ ಶ್ರಾವಕರ ಮನೆಯಲ್ಲಿ ಗ್ಲೂಕೋಸ್ ಪುಡಿಯ ಗಟ್ಟಿ ದ್ರಾವಣ ಅದೇ ಕೆಲಸವನ್ನು ಮಾಡುತ್ತದೆ. ಸವರಿದ ಕೂಡಲೇ ವೈದ್ಯರನ್ನು ಕರೆಯಬೇಕು. ಬೆಕ್ಕು ತಿನ್ನದ ದಿನ ಅವರನ್ನು ಕೇಳದೆ ಚುಚ್ಚಬಾರದು. ಪರ್ಯುಷಣದಲ್ಲಿ ಮನೆಯವರು ಉಪವಾಸವಿದ್ದರೂ ಬೆಕ್ಕನ್ನು ಉಪವಾಸವಿಡಬಾರದು. ಸ್ಥೂಲವಾದ ಬೆಕ್ಕು ಕೆಲವು ದಿನ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಸಾಯಬಹುದು. 40 ಯೂನಿಟ್ಟಿನ ಇನ್ಸುಲಿನ್‌ಗೆ 40ರ ಸಿರಿಂಜು, 100ರದಕ್ಕೆ 100ರ ಸಿರಿಂಜು; ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ತಪ್ಪುತ್ತದೆ.

ಹನ್ನೆರಡು ಗಂಟೆಗಳ ಅಂತರದಲ್ಲಿ ಎರಡು ಊಟ, ಎರಡು ಚುಚ್ಚುಮದ್ದು. ಚಳಿಗಾಲದಲ್ಲಿ ಹಗಲು ಅಷ್ಟು ದೀರ್ಘವಿರುವುದಿಲ್ಲ. ಒಂದು ಊಟ ಕತ್ತಲೆಯಲ್ಲಿ ಬೀಳುತ್ತದೆ. ರಾತ್ರಿಭೋಜನತ್ಯಾಗದ ನಿಯಮ ಬೆಕ್ಕಿಗಿಲ್ಲವೆಂದು ಹಿರಿಯರು ಅದನ್ನೂ ಒಪ್ಪಿದರು. ಇನ್ಸುಲಿನ್ ಯಾವುದರಿಂದ ತಯಾರಾಗುತ್ತದೆಂದೂ ಅವರು ವಿಚಾರಿಸಿದರು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿದ ಮೇಲೆ ಆರು ದಶಕಗಳ ಕಾಲ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯೇ ಅದರ ಮೂಲವಾಗಿತ್ತು. ಸೂಕ್ಷ್ಮಾಣುಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ 1982ರಲ್ಲಿ ಮಾರುಕಟ್ಟೆಗೆ ಅನುಮತಿ ಪಡೆಯಿತು. ಹಂದಿಯ ಇನ್ಸುಲಿನ್ ಪಶುಚಿಕಿತ್ಸೆಯಲ್ಲಿ ಇಂದಿಗೂ ಇದೆ. ಈ ಬೆಕ್ಕಿಗೆ ಬರೆದುಕೊಟ್ಟದ್ದು ಸೂಕ್ಷ್ಮಾಣುಗಳಿಂದ ತಯಾರಾಗುವ ಗ್ಲಾರ್ಜಿನ್. ಆಯ್ಕೆಯಿರುವಲ್ಲಿ ವಿಚಾರಿಸುವುದು ಶ್ರಾವಕನ ಕರ್ತವ್ಯ.

ಕೆಲವು ತಿಂಗಳುಗಳಲ್ಲಿ ಬೆಕ್ಕು ಮತ್ತೆ ಬೆರಳುಗಳ ಮೇಲೆ ನಡೆಯತೊಡಗಿತು. ವೈದ್ಯರು ಇನ್ಸುಲಿನ್ ಪ್ರಮಾಣವನ್ನು ಅರ್ಧಕ್ಕಿಳಿಸಿದರು. ಆರಂಭದಲ್ಲೇ ಇನ್ಸುಲಿನ್ ಮತ್ತು ಸರಿಯಾದ ಆಹಾರ ದೊರೆತ ಬೆಕ್ಕುಗಳಲ್ಲಿ ಹಲವಕ್ಕೆ ಚುಚ್ಚುಮದ್ದು ನಿಲ್ಲುವುದೂ ಉಂಟು. ಇದಕ್ಕೆ ಇನ್ನೂ ನಿಂತಿಲ್ಲ. ಹಿರಿಯರು ಈ ಫಲವನ್ನು ತಮ್ಮ ನಿರ್ಣಯದ ಸಮರ್ಥನೆಯೆಂದು ಹೇಳಿಕೊಳ್ಳುವುದಿಲ್ಲ. ಪ್ರತಿದಿನದ ಪ್ರತಿಕ್ರಮಣದಲ್ಲಿ ಆ ಪೊಟ್ಟಣವೂ ಸೇರಿದೆ.

ಇದನ್ನು ಅಹಿಂಸೆಯೆಂದು ಕರೆಯಲಾಗದು. ಕೋಳಿಯೂ ಮೀನೂ ಬೆಕ್ಕಿನಂತೆಯೇ ಪಂಚೇಂದ್ರಿಯ ಜೀವಿಗಳು. ಎರಡು ದೋಷಗಳ ನಡುವೆ ಸಿಕ್ಕಿಕೊಂಡ ಗೃಹಸ್ಥ ಆಶ್ರಿತನನ್ನು ಕೈಬಿಡದೆ, ಉಳಿದ ದೋಷವನ್ನು ತನ್ನದೆಂದೇ ಒಪ್ಪಿಕೊಂಡ, ಅಷ್ಟೆ. ಆಚಾರ್ಯರ ನಿಷೇಧದ ಅರ್ಥ ಇಲ್ಲಿ ತಿಳಿಯುತ್ತದೆ: ಬೆಕ್ಕನ್ನು ಒಳಗೆ ಬಿಟ್ಟುಕೊಳ್ಳುವ ಮೊದಲೇ ಮಾಡಬೇಕಾದ ವಿಚಾರವನ್ನು ಬಿಟ್ಟರೆ, ಬಳಿಕ ನಿರ್ದೋಷವಾದ ದಾರಿ ಉಳಿಯುವುದಿಲ್ಲ.

ಆದುದರಿಂದ ಶ್ರಾವಕರು ಬೆಕ್ಕನ್ನು ಕೊಂಡು ತರಬಾರದು. ಮಕ್ಕಳ ಆಸೆಗೂ ತರಬಾರದು. ಬಸದಿಯ ಉಗ್ರಾಣಗಳಿಗೂ ವ್ಯಾಪಾರಿಗಳ ಗೋದಾಮುಗಳಿಗೂ ಇಲಿ ನುಗ್ಗದಂತೆ ಬಾಗಿಲಿನ ಸಂದಿಗೆ ತಗಡು ಹೊಡೆಸಿ, ಕಿಂಡಿಗಳಿಗೆ ಜಾಲರಿ ಹಾಕಿಸಿ, ಧಾನ್ಯವನ್ನು ಮುಚ್ಚಳದ ಡಬ್ಬಗಳಲ್ಲಿಡುವುದು ಟ್ರಸ್ಟುಗಳಿಗೆ ಕಷ್ಟವಲ್ಲ. ಆಗ ಬೆಕ್ಕಿನ ಅಗತ್ಯವೇ ಬೀಳದು. ಈಗಾಗಲೇ ಆಶ್ರಯ ಪಡೆದಿರುವ ಬೆಕ್ಕುಗಳಿಗೆ ಹಾಲು ಅನ್ನ, ಪ್ರಸಾದದ ಸಿಹಿ ಹಾಕಿ ದಯೆಯೆಂದು ತೃಪ್ತಿಪಡಬಾರದು. ಬಂದ ಪ್ರಾಣಿಯ ಶರೀರ ಎಂಥದು, ಅದಕ್ಕೆ ಏನು ಬೇಕು ಎಂದು ಬಲ್ಲವರನ್ನು ಕೇಳಿ ತಿಳಿದು ನಡೆಯುವುದು ದಯೆಯ ಮೊದಲ ಮೆಟ್ಟಿಲು.